ತಟ್ಟೆಗೆ ಬಂದ ಬದನೆಕಾಯಿ

ಸರ್ವಮಂಗಳ ಬದನೆಕಾಯಿ ಬಾಯಿಗಿಟ್ಟು ಏಳು ವರ್ಷವಾಗಿತ್ತು. ಕಡಲೆಬೀಜ ಇಲ್ಲ, ಸಿಹಿಗುಂಬಳ ಇಲ್ಲ, ಎಣ್ಣೆಯಲ್ಲಿ ಕರಿದದ್ದು ಇಲ್ಲ. ಸುತ್ತ ತೆಂಗಿನ ತೋಟ, ಅಟ್ಟದ ತುಂಬ ಕೊಬ್ಬರಿ. ಆದರೂ ಒಂದು ಹೋಳು ಕೊಬ್ಬರಿ ಅವಳ ಹಲ್ಲಿಗೆ ಸಿಕ್ಕಿರಲಿಲ್ಲ. ಇವೆಲ್ಲ ನಂಜಿನ ಪದಾರ್ಥ, ತಿಂದರೆ ಮಾಯ್ದ ಗಾಯ ಮತ್ತೆ ಕೆದರುತ್ತದೆ ಎಂದು ಅವಳಿಗೆ ಹೇಳಿದ್ದು ಯಾವ ಡಾಕ್ಟರೂ ಅಲ್ಲ. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಳ್ಳಲು ಸಾಲಿನಲ್ಲಿ ಕೂತಿದ್ದಾಗ ಪಕ್ಕದಲ್ಲಿದ್ದ ಹೆಂಗಸು. ಅವಳ ಹೆಸರೂ ಇವಳಿಗೆ ಗೊತ್ತಿಲ್ಲ. ಇಬ್ಬರಿಗೂ ಎಡ ಎದೆ ತೆಗೆದಿದ್ದರು. ಅಷ್ಟು ಸಾಕಾಯಿತು ನಂಟಸ್ತನಕ್ಕೆ.

ಬದನೆಕಾಯಿಗೂ ಕ್ಯಾನ್ಸರಿಗೂ ಏನೂ ಸಂಬಂಧವಿಲ್ಲ. ಬರೆಯುವವನು ಇದನ್ನು ಮೊದಲೇ ಬರೆದುಬಿಡಬೇಕು, ಇಲ್ಲದಿದ್ದರೆ ನಾಳೆ ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೆ ನಷ್ಟ. ಆದರೆ ಸರ್ವಮಂಗಳ ಪಥ್ಯ ಹಿಡಿದಳು, ಕಾಯಿಲೆ ಹೋಯಿತು. ವರ್ಷವರ್ಷವೂ ತೋರಿಸಿಕೊಂಡು ಬಂದಳು, ಏನೂ ಇಲ್ಲ ಎಂದರು. ಹಾಗಾದರೆ ಅವಳನ್ನು ಉಳಿಸಿದ್ದು ಯಾವುದು? ಕತ್ತರಿಯೋ, ಕರೆಂಟೋ, ಔಷಧಿಯೋ ಅವಳಿಗೆ ತಿಳಿಯದು. ಅವೆಲ್ಲ ಬೇರೆಯವರ ಕೈಯಲ್ಲಿದ್ದವು. ಪಥ್ಯ ಒಂದೇ ಅವಳ ಕೈಯಲ್ಲಿದ್ದದ್ದು.

"ಪಥ್ಯ ಐತೆ ಅಂದ್ರೆ ಬದುಕ್ತೀಯ ಅಂತ ಲೆಕ್ಕ ಕಣೇ," ಎನ್ನುತ್ತಿದ್ದಳು ಪಕ್ಕದ ಮನೆ ಲಕ್ಷ್ಮಕ್ಕನಿಗೆ. "ಸಾಯೋರ್ಗೆ ಯಾರಾದ್ರೂ ಪಥ್ಯ ಹೇಳ್ತಾರಾ?"

ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅವಳ ಕಾಲು ಹೋದದ್ದು ಈ ಮಾತಿನಿಂದ.

ಅವಳ ಊರು ತಿಪಟೂರು ಕಡೆಯ ಹೊನ್ನವಳ್ಳಿಯಿಂದ ಸ್ವಲ್ಪ ಒಳಗೆ. ಗಂಡ ಗಂಗಾಧರಯ್ಯ ತೋಟ ನೋಡಿಕೊಳ್ಳುವವರು, ಹೆಚ್ಚು ಮಾತಿಲ್ಲ. ಮಗಳು ಜೀವಿತಾಳನ್ನು ಸಂಪಿಗೆ ಎಂಬ ಊರಿಗೆ ಕೊಟ್ಟಿದ್ದಾರೆ. ಸರ್ವಮಂಗಳಳನ್ನು ಆ ಕಡೆಯವರೆಲ್ಲ ಕರೆಯುವುದು ಕಜ್ಜಾಯದ ಮಂಗಳಮ್ಮ ಎಂದು. ದೀಪಾವಳಿ ಬಂತೆಂದರೆ, ಮದುವೆ ನಿಶ್ಚಯವಾಯಿತೆಂದರೆ, ಬಸುರಿಯ ಮಡಿಲು ತುಂಬಬೇಕೆಂದರೆ ಅವಳಿಗೆ ಕರೆ. ಅಕ್ಕಿ ನೆನೆಹಾಕುವುದರಿಂದ ಹಿಡಿದು ಕೊನೆಯ ಕಜ್ಜಾಯವನ್ನು ಎರಡು ಸೌಟಿನ ನಡುವೆ ಒತ್ತಿ ಎಣ್ಣೆ ಇಳಿಸುವವರೆಗೆ ಬೇರೆಯವರಿಗೆ ಕೈ ಹಾಕಲು ಬಿಡುವವಳಲ್ಲ. ಎದೆ ತೆಗೆದ ಮೇಲೆ ಎಡಗೈ ಆಗಾಗ ಬಾತುಕೊಳ್ಳುತ್ತಿತ್ತು, ಬಲಗೈಯಲ್ಲೇ ನಡೆಸಿದಳು. ಏಳು ದೀಪಾವಳಿ ಊರಿಗೆಲ್ಲ ಕಜ್ಜಾಯ ಸುಟ್ಟುಕೊಟ್ಟಳು, ಒಂದು ತುಣುಕೂ ರುಚಿ ನೋಡಲಿಲ್ಲ.

"ಉಪ್ಪು ಸಪ್ಪೆ ನೋಡ್ದೆ ಹೆಂಗ್ ಮಾಡ್ತೀಯ ಮಂಗಳಮ್ಮ?" ಎಂದರೆ, "ಕಜ್ಜಾಯಕ್ಕೆ ಉಪ್ಪು ಹಾಕೋ ಮನೆ ನಿಂದೇ ಇರ್ಬೇಕು ಬುಡು," ಎನ್ನುತ್ತಿದ್ದಳು.

ಬೆನ್ನುನೋವು ಶುರುವಾದಾಗ ಎಲ್ಲರೂ ಒಲೆ ಮುಂದೆ ಬಗ್ಗಿ ಕೂತದ್ದರ ಫಲ ಎಂದರು. ತಿಪಟೂರಿನ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಸೂಜಿ ಕೊಟ್ಟರು, ಮುಲಾಮು ಬರೆದರು. ಸಂಜೆಯಾದರೆ ಮೈ ಬಿಸಿಯಾಗುವುದು, ಹೊರಳಿದರೆ ಬೆನ್ನಿನಲ್ಲಿ ಕುಡುಗೋಲು ಆಡಿದಂತಾಗುವುದು. ಕೊನೆಗೆ ತುಮಕೂರಿನಲ್ಲಿ ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನ್ ಮಾಡುವ ಹುಡುಗ, "ಅಮ್ಮ, ಮುಂಚೆ ಏನಾದ್ರೂ ದೊಡ್ಡ ಕಾಯಿಲೆ ಇತ್ತಾ?" ಎಂದು ಕೇಳಿದ. ಇವಳು ಹೇಳಿದಳು. ಆಮೇಲೆ ಆ ಹುಡುಗ ಇವಳ ಮುಖ ನೋಡಲಿಲ್ಲ. ರಿಪೋರ್ಟನ್ನು ಗಂಗಾಧರಯ್ಯನವರ ಕೈಗೆ ಕೊಟ್ಟ.

ಅಲ್ಲಿಂದ ಶುರು. ಎದೆ ಕೊಯ್ಸಿಕೊಂಡವಳು ಅವಳು, ಬೆನ್ನು ಅವಳದು, ನೋವು ಅವಳದು. ವಿಷಯ ಮಾತ್ರ ಗಂಡನ ಕೈಗೆ. ಇದು ಯಾವ ನ್ಯಾಯ ಸ್ವಾಮಿ? ಹೆಂಗಸಿಗೆ ಧೈರ್ಯ ಸಾಲದು ಎಂದು ಹೇಳುತ್ತಾರೆ. ಗಂಗಾಧರಯ್ಯನವರಿಗೆ ಎಷ್ಟು ಧೈರ್ಯವಿತ್ತು ಎಂಬುದು ಮುಂದೆ ಬರುತ್ತದೆ.

ಬೆಂಗಳೂರಿಗೆ ಮೊದಲ ಸಲ ಹೋದಾಗ ಮಾತ್ರ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಬೆನ್ನುಮೂಳೆಯಲ್ಲಿ ಒಂದು ಕಡೆ ತಿಂದ ಹಾಗೆ ಕಾಣುತ್ತಿದೆ. ಹಿಂದೆ ಕ್ಯಾನ್ಸರ್ ಇದ್ದವರಿಗೆ ಹೀಗೆ ಕಂಡರೆ ಹಳೆಯದೇ ಮೂಳೆಗೆ ಬಂದಿರಬಹುದು, ಬೇರೆ ಏನಾದರೂ ಇರಬಹುದು. ಬರೀ ಫೋಟೋ ನೋಡಿ ಹೇಳಲಾಗದು. ಬೆನ್ನಿನ ಕಡೆಯಿಂದ ದಪ್ಪ ಸೂಜಿ ಹಾಕಿ ಮೂಳೆಯ ಚೂರು ತೆಗೆದು ಬಯಾಪ್ಸಿ ಪರೀಕ್ಷೆ ಮಾಡಬೇಕು. ರಕ್ತ ಪರೀಕ್ಷೆ ಮಾಡಿಸಿಕೊಂಡು ಇನ್ನೊಂದು ಸಲ ಬನ್ನಿ, ದಿನ ಗೊತ್ತು ಮಾಡೋಣ.

ಬೇರೆ ಏನಾದರೂ ಇರಬಹುದು. ಇದೊಂದು ಮಾತನ್ನು ಸರ್ವಮಂಗಳ ಬಸ್ಸಿನಲ್ಲಿ ಮಡಿಲಲ್ಲಿ ಕಟ್ಟಿಕೊಂಡು ಬಂದಳು. ಮಾರನೆಯ ದಿನವೇ ತಿಪಟೂರಿಗೆ ಹೋಗಿ ರಜಿಯಾ ಬೇಗಂ ಅಂಗಡಿಯಲ್ಲಿ ಕೂತಳು.

ರಜಿಯಾ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಬಟ್ಟೆ ಹೊಲಿಯುವವಳು. ಗಾಯದ ಜಾಗವನ್ನು ಗಂಡನ ಎದುರೂ ಮುಚ್ಚಿಕೊಂಡ ಸರ್ವಮಂಗಳ ಇವಳ ಎದುರು ಮಾತ್ರ ತೆರೆದಿದ್ದಳು. ಬ್ಲೌಸಿನ ಎಡಕ್ಕೆ ಒಳಗಿನಿಂದ ಒಂದು ಚೀಲ ಹೊಲಿದು ಅದಕ್ಕೆ ಸಾಸಿವೆ ತುಂಬಿಕೊಟ್ಟವಳು ರಜಿಯಾ. ಮೊದಲು ಹತ್ತಿ ತುಂಬಿ ನೋಡಿದ್ದಳು. ಹಗುರವಾಗಿ ಭುಜದ ಕಡೆಗೆ ಏರುತ್ತಿತ್ತು. ಸಾಸಿವೆ ತೂಕಕ್ಕೆ ನಿಂತಿತು. "ಒಗ್ಗರಣೆಗೆ ಸಾಸಿವೆ ಮುಗುದ್ರೆ ಅಂಗಡಿಗೆ ಓಡಂಗಿಲ್ಲ ಮಂಗಳಕ್ಕ," ಎಂದು ರಜಿಯಾ ನಕ್ಕಿದ್ದಳು. ಆ ಗಲ್ಲಿಯಲ್ಲಿ, ಆ ಮಿಷನ್ನಿನ ಹಿಂದಿನ ಪರದೆಯೊಳಗೆ, ಸರ್ವಮಂಗಳ ಆಪರೇಷನ್ ಆದ ಮೇಲೆ ಮೊದಲ ಸಲ ನಕ್ಕಿದ್ದಳು.

"ಈ ಸಲ ಹಿಂದ್ಗಡೆ ಗುಂಡಿ ಇರೋ ಬ್ಲೌಸ್ ಬೇಕು ಕಣೇ," ಎಂದಳು. "ಬೆನ್ನಿಗೆ ಸೂಜಿ ಹಾಕ್ತಾರಂತೆ. ಗಂಡಸ್ರು ಇರ್ತಾರೆ. ಪೂರ್ತಿ ಬಿಚ್ಚೋಕೆ ನಂಗಾಗಲ್ಲ."

"ಮೇಲಿಂದ ಕೆಳೀಕೂ ಗುಂಡಿ ಇಡ್ತೀನಿ. ಎಲ್ಲಿಗೆ ಬೇಕೋ ಅಲ್ಲಿ ಮಾತ್ರ ತೆಕ್ಕೊಳ್ಲಿ," ಎಂದಳು ರಜಿಯಾ. "ಬಣ್ಣ?"

"ಯಾವ್ದಾದ್ರೂ. ಬೋರಲು ಮಲಗೋಳಿಗೆ ಯಾವ ಬಣ್ಣ."

ಎರಡನೆಯ ಸಲ ಹೋದ ದಿನ ಆಸ್ಪತ್ರೆ ಸಂತೆಯಂತಿತ್ತು. ಮೊದಲಿನ ಡಾಕ್ಟರು ಇರಲಿಲ್ಲ. ಸರ್ವಮಂಗಳ ಕೂರಲಾಗದೆ ಹೊರಗಿನ ಬೆಂಚಿನ ಮೇಲೆ ಒರಗಿಕೊಂಡಳು. ಗಂಗಾಧರಯ್ಯ ಒಬ್ಬರೇ ಒಳಗೆ ಹೋದರು. ಒಳಗಿದ್ದ ಹುಡುಗ ಡಾಕ್ಟರು ರಕ್ತದ ರಿಪೋರ್ಟು ನೋಡಿ, ದಿನ ಬರೆದುಕೊಟ್ಟು, "ಈ ದಿನ ಬೆಳಿಗ್ಗೆ ಬನ್ನಿ" ಎಂದರು. ಗಂಗಾಧರಯ್ಯ ಏಳಲಿಲ್ಲ. ನಮ್ಮ ಕಡೆಯ ಯಾವ ಮನುಷ್ಯನೂ ಕೇಳದೆ ಏಳದ ಪ್ರಶ್ನೆಯನ್ನು ಕೇಳಿದರು.

"ಸಾ, ಪಥ್ಯ ಏನು?"

ಬಾಗಿಲಲ್ಲಿ ಮುಂದಿನ ರೋಗಿ ನಿಂತಿದ್ದ. ಡಾಕ್ಟರ ಫೋನು ಹೊಡೆದುಕೊಳ್ಳುತ್ತಿತ್ತು.

"ಪಥ್ಯ ಏನಿಲ್ಲ. ಮನೆಗೆ ಕರ್ಕೊಂಡು ಹೋಗಿ. ಅವರಿಗೆ ಏನಿಷ್ಟಾನೋ ಅದು ಕೊಡಿ."

ಅಷ್ಟೇ ಹೇಳಿದ್ದು. ಆ ಹುಡುಗನ ಬಾಯಿಯಿಂದ ಬಂದದ್ದು ಪೂರಾ ಸತ್ಯ. ಬಯಾಪ್ಸಿಗೆ ಮುಂಚೆ ಪಥ್ಯವಿಲ್ಲ. ಮನೆಗೆ ಹೋಗಿ ಗೊತ್ತಾದ ದಿನ ಬರಬೇಕು. ನಿತ್ರಾಣವಾದ ಹೆಂಗಸು ಇಷ್ಟವಾದದ್ದನ್ನು ತಿಂದು ಗಟ್ಟಿಯಾಗಲಿ. ಆದರೆ ಈ ಸೀಮೆಯಲ್ಲಿ ಆ ಮಾತಿಗೆ ಬೇರೆ ಅರ್ಥವಿದೆ, ಮತ್ತು ಆ ಅರ್ಥವನ್ನು ನಾವೇ, ಡಾಕ್ಟರೂ ಮನೆಯವರೂ ಸೇರಿ, ತಲೆತಲಾಂತರದಿಂದ ತುಂಬಿಟ್ಟಿದ್ದೇವೆ. ಸಾಯುತ್ತಾರೆ ಎಂದು ಬಾಯಿಬಿಟ್ಟು ಹೇಳಲು ಯಾರಿಗೂ ಎದೆಯಿಲ್ಲ. ಅದಕ್ಕೆ "ಇಷ್ಟವಾದ್ದು ಕೊಡಿ" ಎನ್ನುತ್ತೇವೆ. ನಿಮ್ಮ ಅಜ್ಜನಿಗೆ ಹೇಳಿರುತ್ತಾರೆ, ನಿಮ್ಮ ಚಿಕ್ಕಮ್ಮನಿಗೆ ಹೇಳಿರುತ್ತಾರೆ. ಮನೆಗೆ ಕರೆದುಕೊಂಡು ಬಂದು, ಜಿಲೇಬಿ ತಂದು, ಹದಿನೈದು ದಿನದಲ್ಲಿ ಮಣ್ಣು ಹಾಕಿರುತ್ತೀರಿ. ಅನ್ನದ ಮಾತನ್ನು ಹೀಗೆ ಸಾವಿನ ಮಾತು ಮಾಡಿಟ್ಟ ಮೇಲೆ, ನಿಜವಾಗಿ ಊಟ ಮಾಡಿ ಎಂದು ಹೇಳಬೇಕಾದವನು ಯಾವ ಭಾಷೆಯಲ್ಲಿ ಹೇಳಬೇಕು?

ಗಂಗಾಧರಯ್ಯನವರಿಗೆ ಆ ಕೋಣೆಯಲ್ಲಿ ಆಮೇಲೆ ಏನೂ ಕೇಳಿಸಲಿಲ್ಲ. ಹೊರಗೆ ಬಂದರು.

"ಏನಂದ್ರು?" ಎಂದಳು ಸರ್ವಮಂಗಳ.

"ಏನಿಲ್ಲ. ಟೆಸ್ಟು ಬೇಡ್ವಂತೆ. ರಕ್ತ ಚೆನ್ನಾಗೈತಂತೆ."

ತಿಪಟೂರಿನಲ್ಲಿ ರೈಲಿಳಿದ ಮೇಲೆ ಅವಳನ್ನು ಆಟೋದಲ್ಲಿ ಕೂರಿಸಿ, "ಒಂದ್ನಿಮಿಷ ಬತ್ತೀನಿ" ಎಂದು ಹೋದರು. ಕೈಚೀಲ ಹಿಡಿದು ಬಂದರು. ಏನು ತಂದರೆಂದು ಅವಳು ಕೇಳಲಿಲ್ಲ. ಊರಿಗೆ ಬಂದು ಅವಳು ಮಲಗಿದ ಮೇಲೆ ಚೀಲವನ್ನು ಲಕ್ಷ್ಮಕ್ಕನ ಮನೆಗೆ ಕೊಟ್ಟುಬಂದರು. ಲಕ್ಷ್ಮಕ್ಕ ಚೀಲದೊಳಗೆ ನೋಡಿದಳು, ಅವರ ಮುಖ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು.

ಊಟದ ಹೊತ್ತಿಗೆ ಮುದ್ದೆಯ ಪಕ್ಕದಲ್ಲಿ ಬದನೆಕಾಯಿ ಎಣ್ಣೆಗಾಯಿ ಬಂತು. ಎಳೆಯ ಹಸಿರು ಬದನೆ, ತೊಟ್ಟು ಬಿಡದೆ ನಾಲ್ಕು ಸೀಳು ಮಾಡಿ, ಒಳಗೆ ಕಡಲೆಬೀಜ ಕೊಬ್ಬರಿ ಅರೆದು ತುಂಬಿದ್ದು. ಎಲ್ಲ ನಂಜೂ ಒಂದೇ ತಟ್ಟೆಯಲ್ಲಿ.

ಸರ್ವಮಂಗಳ ತಟ್ಟೆಯನ್ನೇ ನೋಡಿದಳು. ಗಂಡ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

"ಚೆನ್ನಾಗಿ ಮಾಡವ್ಳೆ ಲಕ್ಷ್ಮಕ್ಕ," ಎಂದಳು. ಒಂದು ಕಾಯಿ ಎತ್ತಿ ತಿಂದಳು. ಇನ್ನೊಂದು ಹಾಕಿಸಿಕೊಂಡಳು. ತಿನ್ನದಿದ್ದರೆ ಗಂಡ ಅಳುತ್ತಾರೆಂದು ಗೊತ್ತಿತ್ತು. ಅತ್ತರೆ ವಿಷಯ ಬಾಯಿಗೆ ಬರುತ್ತದೆ. ಅವರು ಮುಚ್ಚಿಟ್ಟದ್ದನ್ನು ಇವಳು ಮುಚ್ಚಿಟ್ಟಳು. ಏಳು ವರ್ಷದ ಪಥ್ಯ ಹೀಗೆ ಮುರಿಯಿತು.

ಬಯಾಪ್ಸಿಗೆ ಗೊತ್ತಾದ ದಿನ ಬಂತು, ಹೋಯಿತು. ಆ ದಿನ ಗಂಗಾಧರಯ್ಯ ಬಚ್ಚಲಿನ ನೀರು ಹರಿಯುವ ಕಡೆ ಬದನೆ ಸಸಿ ನೆಡುತ್ತಿದ್ದರು. ಅವರಿಗೆ ದಿನ ನೆನಪಿತ್ತು. "ಹೋಗೋದಾದ್ರೆ ಹೋಗ್ಬೋದಿತ್ತು," ಎಂದು ಲಕ್ಷ್ಮಕ್ಕನ ಹತ್ತಿರ ಒಂದು ಮಾತು ಅಂದಿದ್ದರು. ಅದಕ್ಕೆ ಲಕ್ಷ್ಮಕ್ಕ, "ಸುಮ್ನಿರಿ ಭಾವ. ಇಷ್ಟಾದ್ದು ಕೊಡಿ ಅಂದ್ಮೇಲೆ ಇನ್ಯಾಕೆ ಚುಚ್ಚೋದು? ಕಲಿಯೋ ಹುಡುಗ್ರಿಗೆ ಮೂಳೆ ಬೇಕಾಗಿರ್ತದೆ. ಜೇನುಗೂಡಿಗೆ ಕಡ್ಡಿ ಹಾಕ್ದಂಗೆ, ಚುಚ್ಚುದ್ರೆ ಮೈಯೆಲ್ಲ ಹರಡ್ತದೆ," ಎಂದಿದ್ದಳು. ಲಕ್ಷ್ಮಕ್ಕ ಕೆಟ್ಟವಳಲ್ಲ. ಮುಂದೆ ಸರ್ವಮಂಗಳಳ ಮಲಮೂತ್ರ ಬಳಿದವಳು ಅವಳೇ. ಆದರೆ ಒಳ್ಳೆಯವರು ಅಜ್ಞಾನವನ್ನು ಅಕ್ಕರೆಯಿಂದ ಹೇಳಿದರೆ ಅದನ್ನು ಎದುರಿಸುವುದು ಬಲು ಕಷ್ಟ.

ಸುದ್ದಿ ಹರಡಿತು. ನೋಡಿಕೊಂಡು ಹೋಗಲು ಜನ ಬರತೊಡಗಿದರು. ಹುಳಿಯಾರಿನಿಂದ ನೆಂಟರು ಬಂದರು, ಕಜ್ಜಾಯ ಮಾಡಿಸಿಕೊಂಡ ಮನೆಯವರೆಲ್ಲ ಬಂದರು. ಬ್ರೆಡ್ಡು, ಕಿತ್ತಳೆ, ಹಾರ್ಲಿಕ್ಸು. ಕೂತ ತಕ್ಷಣ ಎಲ್ಲರದೂ ಒಂದೇ ಪ್ರಶ್ನೆ: "ಬಾಯಿಗೆ ಏನು ಬೇಕನ್ಸುತ್ತೆ ಮಂಗಳಮ್ಮ?" ಅವಳಿಗೆ ಏನೂ ಬೇಕನಿಸುತ್ತಿರಲಿಲ್ಲ. ಬೆನ್ನು ಉರಿಯುತ್ತಿತ್ತು. ಕಾಲಲ್ಲಿ ಇರುವೆ ಹರಿದಂತಾಗಿ, ಆಮೇಲೆ ಇರುವೆಯೂ ಹರಿಯದಂತಾಗಿತ್ತು. ಯಾರಾದರೂ ಏನಾದರೂ ತಂದಿಟ್ಟರೆ ತಿನ್ನುವವರೆಗೆ ಕಾಯುತ್ತಿದ್ದರು. ಸಾಯುವವರ ಆಸೆ ತೀರಿಸಿದ ಪುಣ್ಯ ಬಿಟ್ಟು ಹೋಗುವುದುಂಟೇ?

ನೆರೆಯೂರಿನ ಚಿಕ್ಕಗೌರಮ್ಮ ಎಂಬಾಕೆ, ಮೂರು ಮದುವೆಗೆ ಇವಳಿಂದ ಕಜ್ಜಾಯ ಮಾಡಿಸಿದವಳು, ತಾನೇ ಮಾಡಿದ ಕಜ್ಜಾಯ ತಂದಳು. ಸರ್ವಮಂಗಳ ಒಂದನ್ನು ಮುರಿಯಲು ನೋಡಿದಳು. ಮುರಿಯಲಿಲ್ಲ.

"ಪಾಕ ಏರೈತೆ ಕಣೇ ಗೌರಿ."

"ಅಯ್ಯೋ, ಹೆಂಗೋ ತಿನ್ನು ನನ್ತಾಯಿ."

"ತಿಂತೀನಿ. ಹಲ್ಲು ಮುರುದ್ರೆ ಮುರೀಲಿ, ಇನ್ಯಾತಕ್ಕೆ ಬೇಕು."

ಎಲ್ಲರೂ ನಕ್ಕರು, ಎಲ್ಲರೂ ಕಣ್ಣೊರೆಸಿಕೊಂಡರು. ಒಬ್ಬರೂ, ಅಷ್ಟು ಜನದಲ್ಲಿ ಒಬ್ಬರೂ, ಇದು ಅದೇ ಕಾಯಿಲೆ ಅಂತ ಹೇಳಿದವರು ಯಾರು ಎಂದು ಕೇಳಲಿಲ್ಲ. ಕಾಲೇಜು ಓದಿದವರು ಬಂದಿದ್ದರು, ಮೇಷ್ಟ್ರು ಬಂದಿದ್ದರು, ಔಷಧಿ ಅಂಗಡಿಯವರು ಬಂದಿದ್ದರು. ಒಮ್ಮೆ ಕ್ಯಾನ್ಸರ್ ಬಂದವಳ ಮೈಯಲ್ಲಿ ಆಮೇಲೆ ಏನು ಬಂದರೂ ಅದು ಕ್ಯಾನ್ಸರೇ ಎಂದು ನಾವೆಲ್ಲ ತೀರ್ಮಾನ ಮಾಡಿಬಿಟ್ಟಿರುತ್ತೇವೆ. ಅವಳಿಗೆ ನೆಗಡಿ ಬರುವ ಹಕ್ಕೂ ಇಲ್ಲ. ಮಗಳು ಜೀವಿತಾ ಮಾತ್ರ, "ಇನ್ನೊಂದ್ಸಲ ತೋರ್ಸಣ ಅಪ್ಪ" ಎಂದಳು. "ನಿಮ್ಮವ್ವನ್ನ ಯಾಕಮ್ಮ ಹಿಂಸೆ ಮಾಡ್ತೀಯ" ಎಂದು ಹತ್ತು ಬಾಯಿ ಅವಳ ಬಾಯಿ ಮುಚ್ಚಿಸಿತು.

ರಜಿಯಾ ಬಂದದ್ದು ತಡವಾಗಿ. ಅವಳ ಅತ್ತೆ ತೀರಿಹೋಗಿ, ಅಂಗಡಿ ಮುಚ್ಚಿ, ತೆಗೆದು, ಆಮೇಲೆ ಯಾರಿಂದಲೋ ಸುದ್ದಿ ಕೇಳಿ ಹೊನ್ನವಳ್ಳಿ ಬಸ್ಸು ಹತ್ತಿದ್ದಳು. ತಿನ್ನಲು ಏನೂ ತಂದಿರಲಿಲ್ಲ. ಬರಿಗೈಯಲ್ಲಿ ಬಂದವಳು ಅವಳೊಬ್ಬಳೇ. ಸರ್ವಮಂಗಳಳ ತಲೆಯ ಬಳಿ ಕೂತಳು. ಏನು ಮಾತಾಡಬೇಕೋ ತೋಚಲಿಲ್ಲ. ತೋಚದೆ ತನ್ನ ಕಸುಬಿನ ಮಾತು ಆಡಿದಳು.

"ಆ ಹಿಂದ್ಗಡೆ ಗುಂಡಿ ಬ್ಲೌಸು ಸರಿಯಾಯ್ತಾ ಅಕ್ಕ? ಬಿಗಿ ಆಯ್ತೇನೋ ಅಂತ ಮನ್ಸಲ್ಲೇ ಇತ್ತು."

"ಹಾಕ್ಕೊಂಡೇ ಇಲ್ಲ ಕಣೇ. ಪೆಟ್ಟಿಗೇಲಿ ಹಂಗೇ ಐತೆ."

"ಯಾಕೆ? ಮತ್ತೆ ಸೂಜಿ ಹೆಂಗ್ ಹಾಕುದ್ರು?"

"ಹಾಕ್ಲೇ ಇಲ್ಲ. ಟೆಸ್ಟು ಬೇಡ ಅಂದ್ರಂತೆ."

"ಯಾರು ಅಂದ್ರು?"

ಸರ್ವಮಂಗಳ ಬಾಗಿಲ ಕಡೆ ನೋಡಿದಳು. ಗಂಗಾಧರಯ್ಯ ಹಾಲು ಕಾಯಿಸಿಕೊಂಡು ಬರುತ್ತಿದ್ದರು, ಲೋಟ ಹಿಡಿದು ಅಲ್ಲೇ ನಿಂತರು.

"ಅಣ್ಣ," ಎಂದಳು ರಜಿಯಾ, "ಟೆಸ್ಟು ಬೇಡ ಅಂತ ಡಾಕ್ಟ್ರು ಹೇಳುದ್ರಾ?"

"ಬಾ ತಾಯಿ, ಆಚೆ ಮಾತಾಡನ."

"ಇಲ್ಲೇ ಹೇಳ್ರೀ," ಎಂದಳು ಸರ್ವಮಂಗಳ. ದನಿ ಎತ್ತರವಾಗಿರಲಿಲ್ಲ. "ನಂಗೊತ್ತೈತೆ. ಬದ್ನೆಕಾಯಿ ಇಕ್ಕುದ್ರಲ್ಲ, ಅವತ್ತೇ ಗೊತ್ತಾಯ್ತು. ಅವ್ರು ಏನಂದ್ರು, ಅದ್ನ ಹೇಳಿ."

ಗಂಗಾಧರಯ್ಯ ಲೋಟವನ್ನು ಕಿಟಕಿಯಲ್ಲಿಟ್ಟರು. ಇಷ್ಟು ದಿನ ಹೊತ್ತದ್ದು ಒಂದೇ ಉಸಿರಿಗೆ ಬಂತು. "ದಿನ ಬರ್ಕೊಟ್ರು. ಆಮೇಲೆ ಪಥ್ಯ ಏನಿಲ್ಲ, ಮನೆಗೆ ಕರ್ಕೊಂಡು ಹೋಗಿ, ಇಷ್ಟಾದ್ದು ಕೊಡಿ ಅಂದ್ಬುಟ್ರು ಕಣೇ ಮಂಗಳಾ. ನಾನ್ ಏನ್ ಮಾಡ್ಲಿ?"

"ದಿನ ಬರ್ಕೊಟ್ರಾ?" ಎಂದಳು ರಜಿಯಾ. "ಸಾಯೋಳಿಗೆ ಯಾಕೆ ದಿನ ಬರ್ಕೊಡ್ತಾರೆ ಅಣ್ಣ?"

ರಜಿಯಾ ಅವರ ಕಡೆಗೇ ತಿರುಗಿ ಕೂತಳು.

"ನೀವಾಗೇ ಏನಾದ್ರೂ ಕೇಳುದ್ರಾ? ಸುಮ್ಸುಮ್ನೆ ಯಾಕೆ ಊಟದ ವಿಷ್ಯ ತೆಗುದ್ರು ಅವ್ರು?"

"ಪಥ್ಯ ಏನು ಅಂತ ಕೇಳ್ದೆ."

ಸರ್ವಮಂಗಳ ಕಣ್ಣು ಮುಚ್ಚಿಕೊಂಡಳು. ಆಮೇಲೆ, "ಪಥ್ಯ ಕೇಳಿದ್ದಕ್ಕೆ ಪಥ್ಯ ಹೇಳವ್ರೆ," ಎಂದಳು. ಅಳಲಿಲ್ಲ. ಹೊದಿಕೆ ಸರಿಸಿ ತನ್ನ ಕಾಲುಗಳನ್ನು ನೋಡಿದಳು. ಎಬ್ಬಿಸಲು ನೋಡಿದಳು. ಹೆಬ್ಬೆರಳು ಒಂದಿಷ್ಟು ಅಲುಗಿತು, ಅಷ್ಟೇ. "ಆ ಬ್ಲೌಸು ತೆಗಿ ರಜಿಯಾ. ಪೆಟ್ಟಿಗೆ ಮೇಲೇ ಐತೆ."

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿ ಕಾರಿಗೆ ಹಾಕಿದರು. ಆಸ್ಪತ್ರೆಯಲ್ಲಿ ಈ ಸಲ ಹಿರಿಯ ಡಾಕ್ಟರಮ್ಮ ಒಬ್ಬರು ಇದ್ದರು. ಕಾಲು ಮುಟ್ಟಿ ನೋಡಿದರು, ಹೊಸ ಸ್ಕ್ಯಾನ್ ನೋಡಿದರು, ಸಿಟ್ಟಾದರು.

"ಡೇಟ್ ಕೊಟ್ಟಿದ್ವಲ್ಲ, ಯಾಕ್ರೀ ಬರ್ಲಿಲ್ಲ? ಎರಡು ಮೂಳೆ ಕುಸಿದು ಹೋಗಿದೆ."

"ಇಷ್ಟಾದ್ದು ಕೊಡಿ ಅಂದ್ರು ಮೇಡಂ," ಎಂದರು ಗಂಗಾಧರಯ್ಯ.

"ಊಟ ಮಾಡ್ಸಿ ಅಂದ್ರೆ ಆಸ್ಪತ್ರೆಗೆ ಬರಬೇಡಿ ಅಂತ ಅರ್ಥಾನಾ?"

ಹೌದು ಮೇಡಂ, ಅದೇ ಅರ್ಥ. ತಿಪಟೂರಿನಲ್ಲಿ, ತುರುವೇಕೆರೆಯಲ್ಲಿ, ಚಿಕ್ಕನಾಯಕನಹಳ್ಳಿಯಲ್ಲಿ ಯಾವ ಮಗುವನ್ನು ಬೇಕಾದರೂ ಕೇಳಿ. ನಿಮ್ಮ ಪುಸ್ತಕದಲ್ಲಿ ಇಲ್ಲದಿರಬಹುದು. ಆದರೆ ನಿಮ್ಮ ಆಸ್ಪತ್ರೆಯ ಲೆಕ್ಕದಲ್ಲಿ "ರೋಗಿ ಬರಲಿಲ್ಲ" ಎಂದಾಗುವ ಹೆಂಗಸಿಗೆ ಮನೆಯಲ್ಲಿ ಬದನೆಕಾಯಿ ಬಡಿಸಿರುತ್ತಾರೆ. ಹೊರಗೆ ಬೆಂಚಿನ ಮೇಲೆ ಒರಗಿದ್ದವಳನ್ನು ಒಳಗೆ ಕರೆದು, ನೀವು ಸಾಯುತ್ತೀರೆಂದು ಯಾರೂ ಹೇಳಿಲ್ಲ, ಏನೆಂದು ನಮಗೇ ಗೊತ್ತಿಲ್ಲ, ಅದಕ್ಕೇ ಈ ಸೂಜಿ ಎಂದು ಹೇಳಲು ಎಷ್ಟು ಹೊತ್ತು ಹಿಡಿಯುತ್ತಿತ್ತು? ಬಾಗಿಲಲ್ಲಿ ನಿಂತವನು ಅಷ್ಟು ಹೊತ್ತು ನಿಲ್ಲುತ್ತಿದ್ದ. ಅವನಿಗೂ ಆ ಸರದಿ ಬರುವುದಿತ್ತಲ್ಲ.

ಬೋರಲು ಮಲಗಿಸಿದರು. ರಜಿಯಾಳ ಬ್ಲೌಸಿನ ಗುಂಡಿಗಳಲ್ಲಿ ನಡುವಿನ ಮೂರು ಬಿಚ್ಚಿದರು, ಉಳಿದವು ಹಾಗೇ ಉಳಿದವು. ಮರಗಟ್ಟುವ ಸೂಜಿ ಕೊಟ್ಟು, ಸ್ಕ್ಯಾನಿನಲ್ಲಿ ನೋಡಿಕೊಂಡು ದಪ್ಪ ಸೂಜಿ ಇಳಿಸಿದರು. "ನೋವಿಗಿಂತ ಸದ್ದು ಕಣೇ," ಎಂದು ಆಮೇಲೆ ರಜಿಯಾಗೆ ಹೇಳಿದಳು. "ತುರಿಮಣೆ ಮೇಲೆ ಕಾಯಿ ತುರೀತಾರಲ್ಲ, ಹಂಗೆ. ನನ್ನೊಳಗೇ ಯಾರೋ ತುರೀತಾವ್ರೆ ಅನ್ನಂಗೆ." ಇರುವೆ ಹೊತ್ತೊಯ್ಯುವಷ್ಟು ಚೂರು ಬಂತಂತೆ. ಜೇನುಗೂಡಿಗೆ ಕಡ್ಡಿ ಹಾಕಿದಂತೆ ಹರಡಿಬಿಡುತ್ತದೆ ಎಂದು ಊರೆಲ್ಲ ಹೆದರಿದ್ದು ಇಷ್ಟಕ್ಕೆ.

ರಿಪೋರ್ಟು ಬಂದಾಗ ಡಾಕ್ಟರಮ್ಮ ಸರ್ವಮಂಗಳಳನ್ನೇ ನೋಡಿ ಹೇಳಿದರು. ಇಷ್ಟರಲ್ಲಿ ಅಷ್ಟನ್ನು ಕಲಿತಿದ್ದರು.

"ಕ್ಯಾನ್ಸರ್ ಅಲ್ಲಮ್ಮ. ಟಿಬಿ. ಬೆನ್ನುಮೂಳೆ ಕ್ಷಯ. ಮಾತ್ರೆಯಲ್ಲಿ ವಾಸಿಯಾಗುತ್ತೆ."

"ಕಾಲು?"

"ಮೊದಲೇ ಬಂದಿದ್ರೆ..." ಎಂದು ಶುರು ಮಾಡಿ ನಿಲ್ಲಿಸಿದರು. "ಮೂಳೆ ನರವನ್ನ ಒತ್ತಿದೆ. ಆಪರೇಷನ್ ಮಾಡಿ ಒತ್ತಡ ತೆಗೀತೀವಿ. ಬರಬಹುದು. ಬರದೇನೂ ಇರಬಹುದು."

ಬರಲಿಲ್ಲ. ಬೆನ್ನಿಗೆ ಕಂಬಿ ಹಾಕಿದರು. ಮಾತ್ರೆ ಸರ್ಕಾರದಿಂದ ಬಂತು, ಮೈಬಿಸಿ ಇಳಿಯಿತು, ನೋವು ಹೋಯಿತು, ಮುಖ ತುಂಬಿತು. ಸೊಂಟದಿಂದ ಕೆಳಗೆ ಮಾತ್ರ ಅವಳು ಅವಳದಲ್ಲದ ಯಾವುದೋ ಸಾಮಾನು ಹೊತ್ತವಳಂತಾದಳು. ಗಂಗಾಧರಯ್ಯ ಎತ್ತಿ ಕೂರಿಸುತ್ತಾರೆ, ಎತ್ತಿ ಮಲಗಿಸುತ್ತಾರೆ. ಹಾಗೆ ಎತ್ತುವಾಗ ಒಮ್ಮೆಯೂ ಅವಳ ಕಣ್ಣು ನೋಡುವುದಿಲ್ಲ. "ತೊಡೆ ಕೆಳಗೆ ಕೈ ಹಾಕ್ರೀ, ಜಾರ್ತದೆ" ಎಂದು ಅವಳೇ ಹೇಳಿಕೊಡುತ್ತಾಳೆ. ಆ ದಿನದ ಮಾತನ್ನು ಇಬ್ಬರೂ ಮತ್ತೆ ಆಡಿಲ್ಲ.

ಊರಿನ ಮಾತು ಕೇಳಿ. ಕ್ಯಾನ್ಸರ್ ಎಂದಾಗ ಸಾಲುಗಟ್ಟಿ ಬಂದ ಜನ ಟಿಬಿ ಎಂದ ಕೂಡಲೇ ನಿಂತರು. ಅದು ಅಂಟುತ್ತದಂತೆ! ಬೆನ್ನುಮೂಳೆಯೊಳಗಿನ ಕ್ಷಯ ಯಾರಿಗೂ ಅಂಟುವುದಿಲ್ಲ, ಕೆಮ್ಮಿನಲ್ಲಿ ಬಂದರೆ ತಾನೇ ಅಂಟುವುದು ಎಂದು ಆರೋಗ್ಯ ಇಲಾಖೆಯ ಹೆಣ್ಣುಮಗಳು ಮನೆಮನೆಗೆ ಹೋಗಿ ಹೇಳಿದಳು. ತಲೆಯಾಡಿಸಿದರು. ಸಾಯುತ್ತಾಳೆ ಎಂದಾಗ ಕೈತುತ್ತು ತಿನ್ನಿಸಲು ಪೈಪೋಟಿ ಮಾಡಿದವರು, ಬದುಕಿದಳು ಎಂದಾಗ ಅವಳ ಮನೆಯ ನೀರು ಕುಡಿಯಲಿಲ್ಲ. ಬದುಕಿದವರನ್ನು ನೋಡಿಕೊಂಡು ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲ.

ಆ ವರ್ಷದ ದೀಪಾವಳಿಗೆ ಯಾರೂ ಕರೆಯಲಿಲ್ಲ. ಕಾಲಿಲ್ಲದಿದ್ದರೇನು, ಕೈ ಇತ್ತು, ಕಣ್ಣಿತ್ತು. ಕುರ್ಚಿಯಲ್ಲಿ ಕೂರಿಸಿ ಒಲೆ ಮುಂದೆ ಇಟ್ಟಿದ್ದರೆ ಪಾಕ ಹೇಳುತ್ತಿದ್ದಳು. ಚಿಕ್ಕಗೌರಮ್ಮ ಪಟ್ಟಣದ ಬೇಕರಿಯಿಂದ ಕಜ್ಜಾಯ ತರಿಸಿದಳೆಂದು ಲಕ್ಷ್ಮಕ್ಕ ಬಂದು ಹೇಳಿದಳು.

"ತರುಸ್ಲಿ. ಹಲ್ಲು ಗಟ್ಟಿ ಐತೆ ಅವ್ಳಿಗೆ," ಎಂದಳು ಸರ್ವಮಂಗಳ.

ಹಬ್ಬ ಕಳೆದು ಆಸ್ಪತ್ರೆಗೆ ಹೋದಾಗ, ಮಾತ್ರೆ ಇನ್ನೂ ಎಷ್ಟು ತಿಂಗಳು, ಮುಂದೆ ಯಾವಾಗ ಬರಬೇಕು ಎಲ್ಲ ಹೇಳಿ ಮುಗಿಸಿ ಡಾಕ್ಟರಮ್ಮ ಎದ್ದರು. ಸರ್ವಮಂಗಳ ಅವರ ಕೋಟಿನ ತೋಳು ಹಿಡಿದಳು.

"ಪಥ್ಯ ಹೇಳಿ ತಾಯಿ."

"ಪಥ್ಯ ಏನೂ ಇಲ್ಲಮ್ಮ. ಚೆನ್ನಾಗಿ ತಿನ್ನಬೇಕು ನೀವು."

"ಒಂದಾದ್ರೂ ಹೇಳಿ."

ಡಾಕ್ಟರಮ್ಮ ನಕ್ಕರು. ಗಂಗಾಧರಯ್ಯ ನಗಲಿಲ್ಲ. ನೆಲ ನೋಡುತ್ತ ನಿಂತಿದ್ದರು.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅವಳನ್ನು ಹಿತ್ತಿಲಿನ ಬಿಸಿಲಿಗೆ ತಂದು ಕೂರಿಸಿದರು. ಬಚ್ಚಲ ನೀರು ಹರಿಯುವ ಕಡೆ, ಬಯಾಪ್ಸಿಗೆ ಹೋಗಬೇಕಾಗಿದ್ದ ದಿನ ನೆಟ್ಟ ಬದನೆ ಗಿಡಗಳು ಸೊಂಟದೆತ್ತರ ಬೆಳೆದು, ಕಾಯಿ ತೂಕಕ್ಕೆ ಬಾಗಿದ್ದವು. ಯಾರೂ ಕಿತ್ತಿರಲಿಲ್ಲ. ಕೆಲವು ಹಣ್ಣಾಗಿ ಹಳದಿ ತಿರುಗಿದ್ದವು.

"ಅವ್ನ ಕಿತ್ತಾಕ್ರೀ," ಎಂದಳು.

"ಕಾಯಿ ಬುಟ್ಟವೆ ಕಣೇ. ಲಕ್ಷ್ಮಕ್ಕಂಗಾದ್ರೂ ಕೊಡನ. ಡಾಕ್ಟ್ರು ಏನ್ ಬೇಕಾದ್ರೂ ತಿನ್ಬೋದು ಅಂದ್ರಲ್ಲ."

"ಅವ್ರು ಅಂತಾರೆ. ಬದುಕೋಳಿಗೆ ಪಥ್ಯ ಬೇಕಲ್ಲೇನ್ರೀ?"

ಗಂಗಾಧರಯ್ಯ ಪಂಚೆ ಎತ್ತಿ ಕಟ್ಟಿದರು. ಮೊದಲ ಗಿಡದ ಬುಡ ಹಿಡಿದು ಎಳೆದರು. ಬೇರು ಗಟ್ಟಿಯಾಗಿತ್ತು, ಬರಲಿಲ್ಲ. ಕೂತು ಎರಡೂ ಕೈಯಲ್ಲಿ ಎಳೆದರು. ಬದನೆ ಮುಳ್ಳು ಅಂಗೈಗೆ ಚುಚ್ಚಿತು. ಒಂದೊಂದಾಗಿ ಕಿತ್ತು ಬೇಲಿಯಾಚೆ ಎಸೆದರು. ಕೊನೆಯದು ಬಂದಾಗ ಅವರ ಹೆಗಲು ಅಲುಗುತ್ತಿತ್ತು, ಮುಖ ಮಾತ್ರ ಆ ಕಡೆಗಿತ್ತು.

"ಸಾಕು ಬನ್ನಿ," ಎಂದಳು ಸರ್ವಮಂಗಳ. "ಬಿಸ್ಲು ಮುಖಕ್ಕೆ ಬಂತು. ನನ್ನ ಈ ಕಡೆ ತಿರುಗ್ಸಿ."